ಮನೆಯಂಗಳದಲ್ಲೇ ಪಿಕಪ್ಪಿನ ರೇಡಿಯೇಟರ್ ಹೋಸ್ ಬದಲಿಸಿ

ರೇಡಿಯೇಟರ್ ಹೋಸ್ ಒಂದೇ ದಿನದಲ್ಲಿ ಕೆಡುವುದಿಲ್ಲ. ತಿಂಗಳುಗಟ್ಟಲೆ ಮುಂಚಿನಿಂದಲೇ ಸೂಚನೆ ಕೊಡುತ್ತಿರುತ್ತದೆ. ಆದರೆ ಒಡೆಯುವುದು ಮಾತ್ರ ಹೆಚ್ಚಾಗಿ ಲೋಡ್ ಇರುವ ದಿನವೇ. ಅದಕ್ಕೆ ಕಾರಣವಿದೆ. ಟೊಮೇಟೊ ಬಾಕ್ಸ್‌ಗಳನ್ನು ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ಗಾಡಿಯಿರಲಿ, ಮಂಗಳೂರಿನಿಂದ ಮೀನು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವ ಗಾಡಿಯಿರಲಿ, ಭಾರ ಎಳೆಯುವಾಗ ಎಂಜಿನ್ ಹೆಚ್ಚು ಕಾಯುತ್ತದೆ. ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ತೆವಳುವಾಗ ಮುಂದಿನಿಂದ ರೇಡಿಯೇಟರಿಗೆ ನುಗ್ಗುವ ಗಾಳಿಯೂ ಕಡಿಮೆ. ಒಳಗಿನ ಒತ್ತಡ ಮೇಲಿನ ಮಿತಿಗೆ ಏರುವುದು ಆಗಲೇ. ಸವೆದ ರಬ್ಬರ್ ಅಲ್ಲಿ ಸೋಲುತ್ತದೆ.

ಹೋಸ್ ದುಬಾರಿ ವಸ್ತುವಲ್ಲ. ಆದರೆ ಅದು ಒಡೆದದ್ದು ಗೊತ್ತಾಗದೆ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಸಿಲಿಂಡರ್ ಹೆಡ್ ಬಾಗಬಹುದು, ಎಂಜಿನ್ ಸೀಜ್ ಕೂಡ ಆಗಬಹುದು. ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆಯೂ ಇಲ್ಲ, ಕಂತು ಕಟ್ಟುವುದೂ ತಪ್ಪುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಗಾಡಿ ಓಡಿಸುವವರೆಲ್ಲ ಕಲಿತಿರಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಎರಡು ಕ್ಲಿಪ್ ಸಡಿಲಿಸಿ ಪೈಪ್ ಎಳೆಯುವುದು ಯಾರಿಗೂ ಬರುತ್ತದೆ. ಕೆಲಸ ಉಳಿಯುವುದೋ ಕೆಡುವುದೋ ಎನ್ನುವುದು ನಿಂತಿರುವುದು ಬೇರೆ ಮೂರರ ಮೇಲೆ: ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಹೋಸ್ ಕೂರುವ ಮೂತಿ ಶುಚಿಯಾಗಿರಬೇಕು, ಕೊನೆಗೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಬೇಕು.

ಇಲ್ಲಿ ಹೇಳುತ್ತಿರುವುದು ಬೊಲೆರೊ ಪಿಕಪ್, ಟಾಟಾ ಯೋಧದಂಥ ಮುಂದೆ ಬಾನೆಟ್ ಇರುವ ಗಾಡಿಗಳ ವಿಷಯ. ಸೀಟಿನ ಕೆಳಗೆ ಎಂಜಿನ್ ಇರುವ ಸಣ್ಣ ಗಾಡಿಗಳಲ್ಲಿ ತತ್ವ ಇದೇ ಆದರೂ ಕೈ ಹೋಗುವ ಜಾಗ ಕಷ್ಟ. ಅವುಗಳನ್ನು ಮೊದಲ ಸಲ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಿಕೊಂಡರೆ ಒಳ್ಳೆಯದು.

ಮೇಲಿನದು, ಕೆಳಗಿನದು

ಎಂಜಿನ್ನಿನಲ್ಲಿ ಕಾದ ಕೂಲಂಟ್ ಥರ್ಮೋಸ್ಟಾಟ್ ದಾಟಿ ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ತಣಿದು ಕೆಳಗಿನ ಹೋಸಿನ ಮೂಲಕ ವಾಟರ್ ಪಂಪಿಗೆ ಹೋಗಿ ಮತ್ತೆ ಎಂಜಿನ್ ಸೇರುತ್ತದೆ. ಮೇಲಿನ ಹೋಸಿಗೆ ಬಿಸಿ ಹೆಚ್ಚು. ಕೆಳಗಿನದು ಪಂಪ್ ಹೀರುವ ಕಡೆಯದು, ಆದ್ದರಿಂದ ಅದು ಮೆತ್ತಗಾದರೆ ಒಳಕ್ಕೆ ಕುಸಿದು ದಾರಿ ಮುಚ್ಚಬಹುದು. ಕೆಲವು ಗಾಡಿಗಳಲ್ಲಿ ಕೆಳಗಿನ ಹೋಸಿನೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಅದು ಇರುವುದು ಈ ಕುಸಿತ ತಡೆಯಲೆಂದೇ. ಹಳೆಯದರಲ್ಲಿ ಸ್ಪ್ರಿಂಗ್ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಅಂಗಡಿಯವರನ್ನು ಕೇಳದೆ ಹಾಕಬೇಡಿ.

ಟರ್ಬೊ ಡೀಸೆಲ್ ಗಾಡಿಗಳಲ್ಲಿ ಇವೆರಡರ ಹತ್ತಿರವೇ ಇನ್ನೂ ದಪ್ಪನೆಯ ಪೈಪುಗಳಿರುತ್ತವೆ. ಅವು ಇಂಟರ್‌ಕೂಲರಿನವು, ಒಳಗೆ ಹರಿಯುವುದು ಗಾಳಿ. ಬಿಚ್ಚುವ ಮೊದಲು ಎರಡೂ ತುದಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೈಯಲ್ಲೇ ಸವರಿ ನೋಡಿಕೊಳ್ಳಿ.

ಒತ್ತಡದ ಮಾತು ಸ್ವಲ್ಪ ತಿಳಿದಿರಬೇಕು, ಏಕೆಂದರೆ ಜನ ಸುಟ್ಟುಕೊಳ್ಳುವುದು ಅದರಿಂದಲೇ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒಳಗಿನ ನೀರನ್ನು ಒತ್ತಿ ಹಿಡಿದಿರುವುದರಿಂದ ಅದು 100 ಡಿಗ್ರಿ ದಾಟಿದರೂ ಕುದಿಯದೆ ಉಳಿಯುತ್ತದೆ. ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುವುದು ಆ ಒತ್ತಡವೇ. ಕಾದ ಎಂಜಿನ್ನಿನ ಕ್ಯಾಪ್ ತಿರುಗಿಸಿದ ಕೂಡಲೇ ಒತ್ತಡ ಇಳಿದು, ಒಳಗಿನ ನೀರು ಒಮ್ಮೆಲೇ ಕುದಿದು ಹಬೆಯೊಡನೆ ಮುಖಕ್ಕೆ ಚಿಮ್ಮುತ್ತದೆ. ಮೇಲೆ ಒದ್ದೆ ಗೋಣಿ ಹಾಕಿಕೊಂಡು ತೆಗೆಯುತ್ತೇನೆ ಎನ್ನುವವರ ಮಾತು ಕೇಳಬೇಡಿ. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಕೈ ಹಾಕುವುದೇ ಸರಿ.

ಹಿಸುಕಿ ನೋಡಿ

ಈ ಹೋಸುಗಳು ಇ.ಪಿ.ಡಿ.ಎಂ. ಎಂಬ ರಬ್ಬರಿನವು, ಪದರಗಳ ನಡುವೆ ನೂಲಿನ ಹೆಣಿಗೆ ಇರುತ್ತದೆ. ಬಿಸಿಗೆ ಇವು ಚೆನ್ನಾಗಿ ತಡೆಯುತ್ತವೆ, ಆದರೆ ಎಣ್ಣೆಗೆ ತಡೆಯುವುದಿಲ್ಲ. ಎಂಜಿನ್ ಆಯಿಲ್ ಜಿನುಗಿ ಹೋಸಿನ ಮೇಲೆ ಬೀಳುತ್ತಿದ್ದರೆ ಆ ಜಾಗ ಉಬ್ಬಿ, ಮೆತ್ತಗೆ, ಅಂಟಂಟಾಗುತ್ತದೆ. ಅಂಥ ಕಡೆ ಮೊದಲು ಎಣ್ಣೆಯ ಸೋರಿಕೆ ನಿಲ್ಲಿಸದೆ ಹೊಸ ಹೋಸ್ ಹಾಕಿ ಉಪಯೋಗವಿಲ್ಲ.

ಕಣ್ಣಿಗೆ ಕಾಣುವ ಬಿರುಕು, ಉಬ್ಬು, ಫ್ಯಾನಿನ ಕವಚಕ್ಕೋ ಬ್ರಾಕೆಟ್ಟಿಗೋ ತಾಗಿ ಸವೆದ ಗುರುತು, ಕ್ಲಿಪ್ಪಿನ ಸುತ್ತ ಒಣಗಿದ ಬಿಳಿ ಅಥವಾ ಹಸಿರು ಕಲೆ, ಇವೆಲ್ಲ ಸುಲಭದ ಸೂಚನೆಗಳು. ಮೋಸ ಮಾಡುವುದು ಒಳಗಿನ ಬಿರುಕು. ಕೂಲಂಟ್, ಲೋಹದ ಮೂತಿ, ರಬ್ಬರ್ ಮೂರೂ ಸೇರಿದಲ್ಲಿ ಸಣ್ಣಗೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು, ರಬ್ಬರಿನ ಒಳಮೈ ಉದ್ದುದ್ದಕ್ಕೆ ಸೀಳುತ್ತಾ ಹೋಗುತ್ತದೆ. ಹೊರಗಿನಿಂದ ಹೋಸ್ ಕಪ್ಪಗೆ, ಹೊಳೆಯುತ್ತಾ, ಹೊಸದರಂತೆಯೇ ಇರಬಹುದು. ಇದು ಹೆಚ್ಚಾಗಿ ಶುರುವಾಗುವುದು ಕ್ಲಿಪ್ಪಿನಿಂದ ಎರಡು ಇಂಚಿನೊಳಗೆ.

ಹಾಗಾಗಿ ತಣ್ಣಗಿರುವ ಹೋಸನ್ನು ಬೆರಳುಗಳಿಂದ ಎರಡು ಕಡೆ ಹಿಸುಕಿ. ಮೊದಲು ನಡುವೆ, ಆಮೇಲೆ ಕ್ಲಿಪ್ಪಿನ ಪಕ್ಕದಲ್ಲಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಸುತ್ತಲೂ ತಿರುಗಿಸುತ್ತಾ. ಒಳ್ಳೆಯ ಹೋಸ್ ಎರಡೂ ಕಡೆ ಒಂದೇ ಬಿಗಿಯಲ್ಲಿ ಬಾಗಿ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ತುದಿಯಲ್ಲಿ ನಡುವಿಗಿಂತ ಮೆತ್ತಗಿದ್ದರೆ, ಒಳಗೆ ಗೆರೆ ಬಿದ್ದಂತೆ ಬೆರಳಿಗೆ ತಗ್ಗು ಸಿಕ್ಕರೆ, ಅಥವಾ ಹಿಸುಕಿದಾಗ ಚರಚರ ಎಂದರೆ ಅದರ ಆಯುಷ್ಯ ಮುಗಿದಿದೆ. ಕಲ್ಲಿನಂತೆ ಗಟ್ಟಿಯಾಗಿ ಬಾಗದೇ ಇದ್ದರೂ ಬದಲಿಸಬೇಕಾದದ್ದೇ. ದೂರದ ಲೋಡಿಗೆ ಹೊರಡುವ ಹಿಂದಿನ ದಿನ ಈ ಪರೀಕ್ಷೆ ಮಾಡುವ ರೂಢಿ ಇಟ್ಟುಕೊಳ್ಳಿ. ನಾಲ್ಕೈದು ವರ್ಷ ದಾಟಿದ ಹೋಸನ್ನು ಸೂಚನೆಗೆ ಕಾಯದೆ ಬದಲಿಸುವುದು ಜಾಣತನ.

ಇನ್ನೊಂದು ಲಕ್ಷಣ: ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಂತೆ ಕಂಡರೆ ತಪ್ಪು ಹೆಚ್ಚಾಗಿ ಹೋಸಿನದಲ್ಲ. ಎಂಜಿನ್ ತಣಿಯುವಾಗ, ಹೆಚ್ಚುವರಿ ಕೂಲಂಟ್ ನಿಲ್ಲುವ ಬಾಟಲಿಯಿಂದ ಅದನ್ನು ವಾಪಸ್ ಬಿಡಬೇಕಾದ ಕ್ಯಾಪಿನ ವಾಲ್ವ್ ಅಂಟಿಕೊಂಡಿದೆ, ಇಲ್ಲವೇ ಬಾಟಲಿಗೆ ಹೋಗುವ ಸಣ್ಣ ಪೈಪ್ ಕಟ್ಟಿದೆ. ಕ್ಯಾಪ್ ಬದಲಿಸಿ, ಆ ಪೈಪನ್ನು ಊದಿ ಶುಚಿ ಮಾಡಿ.

ಅಂಗಡಿಯಲ್ಲಿ

ಸ್ಪೇರ್ ಅಂಗಡಿಗೆ ಹೋಗಿ "ಅಣ್ಣಾ, ಪಿಕಪ್ ಮೇಲಿನ ಹೋಸ್ ಕೊಡಿ" ಎಂದರೆ ಸಾಲದು. ಒಂದೇ ಹೆಸರಿನ ಗಾಡಿಯಲ್ಲಿ ವರ್ಷದಿಂದ ವರ್ಷಕ್ಕೆ ಎಂಜಿನ್ ಬದಲಾಗಿರುತ್ತದೆ, ಬಿ.ಎಸ್. 4 ಗಾಡಿಯ ಹೋಸ್ ಬಿ.ಎಸ್. 6 ಗಾಡಿಗೆ ಕೂರದಿರಬಹುದು. ಆರ್.ಸಿ.ಯ ಫೋಟೊ, ಚಾಸಿ ನಂಬರು, ಜೊತೆಗೆ ಹೋಸ್ ಇರುವ ಜಾಗದಲ್ಲೇ ತೆಗೆದ ಎರಡು ಫೋಟೊ ಮೊಬೈಲಿನಲ್ಲಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾದರೂ ನಿಮ್ಮೂರ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಾದರೂ ಇದರಿಂದ ಕೆಲಸ ಸಲೀಸು.

ಅಚ್ಚಿನಲ್ಲೇ ಬಾಗಿಸಿ ಮಾಡಿದ ಹೋಸನ್ನೇ ತೆಗೆದುಕೊಳ್ಳಿ. ನೇರ ಪೈಪನ್ನು ಬಗ್ಗಿಸಿ ಹಾಕಿದರೆ ತಿರುವಿನಲ್ಲಿ ಮಡಚಿಕೊಂಡು ಹರಿವು ಕಟ್ಟುತ್ತದೆ. ಹೋಸಿನ ಜೊತೆ ಎರಡು ಹೊಸ ಕ್ಲಿಪ್, ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲಂಟ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೊಳ್ಳಿ. ಕೂಲಂಟಿನ ಬಣ್ಣ ನೋಡಿ ಬಗೆ ಹೇಳಲಾಗದು. ಹಸಿರಿಗೆ ಹಸಿರು ಎಂದು ಬೇರೆ ಬಗೆಯದನ್ನು ಬೆರೆಸಿದರೆ ಒಳಗೆ ಗಸಿ ಕಟ್ಟಿಕೊಳ್ಳುವ ಸಂಭವವಿದೆ. ಡಬ್ಬಿಯ ಮೇಲೆ ನೀರು ಬೆರೆಸಬೇಕೋ, ಬೆರೆಸಿಯೇ ಕೊಟ್ಟಿದ್ದಾರೋ ಎನ್ನುವುದನ್ನೂ ಓದಿಕೊಳ್ಳಿ.

ಬೋರ್‌ವೆಲ್ ನೀರು ಮಾತ್ರ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರಿನಿಂದ ಮನೆಯ ಗೀಸರಿನ ಕಾಯಿಲ್ ಬೆಳ್ಳಗೆ ಪೊರೆ ಕಟ್ಟುವುದನ್ನು ನೋಡಿದ್ದೀರಿ. ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಪೊರೆ ಕೂರುತ್ತದೆ, ಬಿಸಿ ಹೊರಹೋಗುವುದು ಕಡಿಮೆಯಾಗುತ್ತದೆ. ಬರೀ ನೀರು ಹಾಕಿದರೆ ತುಕ್ಕಿನ ಕಾಟ ಬೇರೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅರ್ಧ ಕೂಲಂಟ್ ಅರ್ಧ ನೀರು ಬೆರೆಸಿದ ದ್ರಾವಣ ಒತ್ತಡವಿಲ್ಲದೆಯೂ ಸುಮಾರು 106 ಡಿಗ್ರಿವರೆಗೆ ಕುದಿಯುವುದಿಲ್ಲ, ತುಕ್ಕು ತಡೆಯುವ ರಾಸಾಯನಿಕಗಳೂ ಅದರಲ್ಲಿರುತ್ತವೆ. ನಮಗೆ ಬೇಕಿರುವುದು ಆ ಎರಡು ಗುಣ.

ಬಿಚ್ಚುವುದು

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಗಳಲ್ಲಿ ಎಂಜಿನ್ ನಿಂತಿದ್ದರೂ ಫ್ಯಾನ್ ತಿರುಗಬಹುದು. ಮೇಲಿನ ಹೋಸಿನ ಮೇಲೆ ಕೈಯಿಟ್ಟು ಪೂರ್ತಿ ತಣ್ಣಗಿದೆಯೆಂದು ಖಾತ್ರಿಯಾದ ಮೇಲೆ ಕ್ಯಾಪ್ ತೆಗೆಯಿರಿ.

ರೇಡಿಯೇಟರಿನ ತಳದಲ್ಲಿ ಸಣ್ಣ ಡ್ರೈನ್ ತಿರುಪು ಇದ್ದರೆ ಅದನ್ನು ಸಡಿಲಿಸಿ, ಅಗಲವಾದ ಶುಚಿ ಟಬ್ಬಿನಲ್ಲಿ ಕೂಲಂಟ್ ಹಿಡಿಯಿರಿ. ಪ್ಲಾಸ್ಟಿಕ್ ತಿರುಪಾದರೆ ಬಲ ಹಾಕಬೇಡಿ, ಮುರಿದರೆ ಹೊಸ ತಲೆನೋವು. ತಿರುಪೇ ಇಲ್ಲದ ಗಾಡಿಯಲ್ಲಿ ಕೆಳಗಿನ ಹೋಸಿನ ತುದಿಯನ್ನೇ ನಿಧಾನವಾಗಿ ಸಡಿಲಿಸಿ ಬಸಿಯಬೇಕು. ಮೇಲಿನ ಹೋಸ್ ಒಂದನ್ನೇ ಬದಲಿಸುವುದಾದರೆ ಪೂರ್ತಿ ಬಸಿಯುವ ಅಗತ್ಯವಿಲ್ಲ, ಅದರ ಮಟ್ಟಕ್ಕಿಂತ ಕೆಳಗಿಳಿದರೆ ಸಾಕು. ಎಷ್ಟು ಬಂತೆಂದು ಅಳೆದು ಇಟ್ಟುಕೊಳ್ಳಿ. ತುಂಬುವಾಗ ಅಷ್ಟೇ ಹಿಡಿಯಬೇಕು. ಕಡಿಮೆ ಹಿಡಿದರೆ ಒಳಗೆ ಗಾಳಿ ಕೂತಿದೆ ಎಂದರ್ಥ. ಬಂದ ಕೂಲಂಟ್ ತಿಳಿಯಾಗಿದ್ದು ಹಳೆಯದಲ್ಲದಿದ್ದರೆ ಬಟ್ಟೆಯಲ್ಲಿ ಸೋಸಿ ಅದನ್ನೇ ಹಾಕಬಹುದು. ಕಂದು ಬಣ್ಣಕ್ಕೆ ತಿರುಗಿದ್ದರೆ ಎಲ್ಲವನ್ನೂ ಬದಲಿಸಿ.

ಟಬ್ಬನ್ನು ತೆರೆದು ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಕೂಲಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ಕಡು ವಿಷ. ನಾಯಿ, ಬೆಕ್ಕು, ದನಕರು ನೆಕ್ಕಿದರೆ ಸಾಯಬಹುದು. ಮಕ್ಕಳಿಗೂ ಅಷ್ಟೇ ಅಪಾಯ. ಹಳೆಯದನ್ನು ಮುಚ್ಚಳವಿರುವ ಕ್ಯಾನಿಗೆ ಹಾಕಿ ಮೇಲೆ ವಿಷ ಎಂದು ಬರೆದು, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ಚರಂಡಿಗೆ, ಬಾವಿಯ ಪಕ್ಕಕ್ಕೆ, ತಿಪ್ಪೆಗೆ ಸುರಿಯುವುದು ಬೇಡ.

ಈಗ ಹೋಸ್. ಕ್ಲಿಪ್ಪಿನ ಸ್ಕ್ರೂ ಯಾವ ಕಡೆ ಮುಖ ಮಾಡಿತ್ತು ಎಂದು ಫೋಟೊ ತೆಗೆದುಕೊಂಡು ಸಡಿಲಿಸಿ, ಹೋಸಿನ ನಡುವಿಗೆ ಸರಿಸಿ. ಸ್ಪ್ರಿಂಗ್ ಕ್ಲಿಪ್ಪಾದರೆ ಎರಡೂ ಕಿವಿಗಳನ್ನು ಇಕ್ಕಳದಿಂದ ಒತ್ತಿ ಹಿಡಿದು ಸರಿಸಬೇಕು. ಜಾರಿದರೆ ಬೆರಳಿಗೆ ಬಲವಾಗಿ ಬಡಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಹೋಸನ್ನು ಎಳೆಯುವ ಮೊದಲು ಎಡಕ್ಕೂ ಬಲಕ್ಕೂ ತಿರುಚಿ ಅಂಟು ಬಿಡಿಸಿ. ಬರದಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಲೇಬೇಡಿ. ಈಗಿನ ರೇಡಿಯೇಟರುಗಳ ಮೂತಿ ಪ್ಲಾಸ್ಟಿಕ್ಕಿನದು, ವರ್ಷಗಟ್ಟಲೆ ಬಿಸಿಗೆ ಕಾದು ಪೆಡಸಾಗಿರುತ್ತದೆ. ಅದು ಮುರಿದರೆ ಸಣ್ಣ ಕೆಲಸ ರೇಡಿಯೇಟರ್ ಬದಲಿಸುವವರೆಗೆ ಹೋಗುತ್ತದೆ. ಹೇಗಿದ್ದರೂ ಎಸೆಯುವ ಹೋಸ್ ತಾನೇ? ಬ್ಲೇಡಿನಿಂದ ಉದ್ದಕ್ಕೆ ಹಗುರವಾಗಿ ಸೀಳಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಬ್ಲೇಡ್ ಮೂತಿಗೆ ಗೀರು ಹಾಕದಷ್ಟು ಎಚ್ಚರವಿರಲಿ.

ಬಿಚ್ಚಿದ ಹೋಸನ್ನು ಎಸೆಯುವ ಮುಂಚೆ ತುದಿಯನ್ನು ಉದ್ದಕ್ಕೆ ಕತ್ತರಿಸಿ, ಒಳಮೈಯನ್ನು ಹೊರಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಮೂತಿ ಮುಗಿಯುವ ಜಾಗದಿಂದ ಹೊರಟ ಗೆರೆಗಳು ಬಾಯ್ದೆರೆದು, ಅವುಗಳ ಆಳದಲ್ಲಿ ಬಿಳಿ ನೂಲು ಕಂಡರೆ ಒಳಗಿನಿಂದಲೇ ಹೋಗಿದೆ ಎಂದು ತಿಳಿಯಿರಿ. ಅದರ ಜೊತೆ ಅಷ್ಟೇ ವರ್ಷ ದುಡಿದ ಕೆಳಗಿನ ಹೋಸ್, ಬೈಪಾಸ್ ಹೋಸ್, ಹೀಟರ್ ಹೋಸ್‌ಗಳ ಸ್ಥಿತಿಯೂ ಹಾಗೇ ಇರುವ ಸಾಧ್ಯತೆ ಹೆಚ್ಚು. ಕೂಲಂಟ್ ಬಸಿದಿರುವಾಗಲೇ ಅವನ್ನೂ ಬದಲಿಸಿಬಿಡಿ.

ಕೂರಿಸುವುದು

ಹೊಸ ಹೋಸ್ ಹಾಕಿದ ವಾರಕ್ಕೇ ತೊಟ್ಟಿಕ್ಕುತ್ತದೆ ಎಂದು ದೂರುವವರ ಗಾಡಿಯಲ್ಲಿ ಹೆಚ್ಚಿನ ಸಲ ತಪ್ಪಿರುವುದು ಮೂತಿಯಲ್ಲಿ. ಹಳೆಯ ರಬ್ಬರಿನ ತುಣುಕು, ಬಿಳಿ ಉಪ್ಪಿನಂಥ ಪುಡಿ, ತುಕ್ಕು ಅಲ್ಲೇ ಉಳಿದಿರುತ್ತದೆ. ಲೋಹದ ಮೂತಿಯನ್ನು ನಯವಾದ ಎಮರಿ ಪೇಪರಿನಿಂದ ಸುತ್ತಲೂ ಉಜ್ಜಿ. ಪ್ಲಾಸ್ಟಿಕ್ ಮೂತಿಗೆ ಒದ್ದೆ ಬಟ್ಟೆ, ಹೆಚ್ಚೆಂದರೆ ಪಾತ್ರೆ ತಿಕ್ಕುವ ಮೆತ್ತನೆಯ ಸ್ಕ್ರಬ್ ಸಾಕು. ಉಜ್ಜುವಾಗ ಪುಡಿ ಒಳಗೆ ಬೀಳದಂತೆ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಅದನ್ನು ತೆಗೆಯಲು ಮರೆಯಬೇಡಿ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಎಲ್ಲೂ ತರಿ ಸಿಗಬಾರದು.

ಹಳೆಯ, ಹೊಸ ಹೋಸನ್ನು ಪಕ್ಕಪಕ್ಕ ಇಟ್ಟು ತಿರುವು, ಉದ್ದ, ಎರಡೂ ಬಾಯಿಗಳ ಅಗಲ ಹೋಲಿಸಿ. ಒಂದು ಬಾಯಿ ಸಣ್ಣದು, ಇನ್ನೊಂದು ದೊಡ್ಡದು ಇರುವುದುಂಟು. ಹೊಸದರ ಒಳಗೆ ಕಾಗದವೋ ಮುಚ್ಚಳವೋ ಉಳಿದಿಲ್ಲವೆಂದು ಇಣುಕಿ ನೋಡಿ. ಕ್ಲಿಪ್ಪುಗಳನ್ನು ಮೊದಲೇ ಹೋಸಿಗೆ ತೊಡಿಸಿ, ಬಾಯಿಯ ಒಳಗೆ ಸ್ವಲ್ಪ ಕೂಲಂಟ್ ಸವರಿ ತಿರುಚುತ್ತಾ ಒತ್ತಿ. ಗ್ರೀಸ್, ಆಯಿಲ್ ಸವರಬೇಡಿ, ರಬ್ಬರ್ ಕೆಡುತ್ತದೆ. ಸಿಲಿಕಾನ್ ಪೇಸ್ಟ್ ಬಳಿಯುವ ಅಭ್ಯಾಸವೂ ನನಗೆ ಸರಿಕಾಣುವುದಿಲ್ಲ. ಒಳಕ್ಕೆ ಸರಿದ ಪೇಸ್ಟಿನ ಚೂರು ಹರಿದುಹೋಗಿ ರೇಡಿಯೇಟರಿನ ನಾಳದಲ್ಲಿ ಕೂರುತ್ತದೆ. ಮೂತಿ ಶುಚಿಯಾಗಿದ್ದು ಹೋಸಿನ ಅಳತೆ ಸರಿಯಿದ್ದರೆ ಪೇಸ್ಟಿನ ಹಂಗೇ ಬೇಡ.

ಮೂತಿಯ ತುದಿಯಲ್ಲಿ ಉಬ್ಬಿದ ಅಂಚೊಂದಿರುತ್ತದೆ. ಹೋಸ್ ಅದನ್ನು ದಾಟಿ ಪೂರ್ತಿ ಒಳಗೆ ಹೋಗಬೇಕು. ಕ್ಲಿಪ್ ಕೂರಬೇಕಾದದ್ದು ಆ ಉಬ್ಬಿನ ಹಿಂದೆ, ಉಬ್ಬಿಗೂ ಹೋಸಿನ ಅಂಚಿಗೂ ನಡುವೆ. ಉಬ್ಬಿನ ಮೇಲೆಯೇ ಬಿಗಿದ ಕ್ಲಿಪ್ ಒತ್ತಡಕ್ಕೆ ಜಾರುತ್ತದೆ, ಹೋಸಿನ ಅಂಚಿಗೇ ಬಿಗಿದದ್ದೂ ಹಿಡಿಯದು. ಸ್ಕ್ರೂ ಮುಂದೆ ಬಿಗಿಯಲು ಕೈಗೆ ಸಿಗುವಂತೆ, ಫ್ಯಾನಿಗೂ ಬೆಲ್ಟಿಗೂ ತಾಗದಂತೆ ತಿರುಗಿಸಿಕೊಳ್ಳಿ. ಕ್ಲಿಪ್ಪಿನ ಗೀರುಗಳಲ್ಲಿ ರಬ್ಬರ್ ಸ್ವಲ್ಪ ಉಬ್ಬಿದಂತೆ ಕಂಡಾಗ ನಿಲ್ಲಿಸಿ. ಇನ್ನೂ ಬಿಗಿದರೆ ರಬ್ಬರ್ ಕತ್ತರಿಸುತ್ತದೆ, ಪ್ಲಾಸ್ಟಿಕ್ ಮೂತಿ ಬಿರಿಯುತ್ತದೆ. ಕಂಪನಿಯಿಂದ ಸ್ಪ್ರಿಂಗ್ ಕ್ಲಿಪ್ ಬಂದಿದ್ದರೆ ಅದನ್ನು ಕೀಳಾಗಿ ಕಾಣಬೇಡಿ. ರಬ್ಬರ್ ಬಿಸಿಗೆ ಹಿಗ್ಗಿ ತಣಿದು ಕುಗ್ಗಿದಂತೆಲ್ಲ ಅದು ತಾನೇ ಹಿಡಿತ ಸರಿಮಾಡಿಕೊಳ್ಳುತ್ತದೆ. ಸ್ಕ್ರೂ ಕ್ಲಿಪ್ಪಿಗೆ ಆ ಗುಣವಿಲ್ಲ, ಅದನ್ನು ನಾವು ಮತ್ತೆ ನೋಡಿ ಬಿಗಿಯಬೇಕು.

ಗಾಳಿ ತೆಗೆಯುವುದು

ಮನೆಯಲ್ಲಿ ಮಾಡಿದ ಕೆಲಸ ಕೆಡುವುದು ಇಲ್ಲಿ. ಕೂಲಂಟ್ ಸುರಿದು, ಕ್ಯಾಪ್ ಹಾಕಿ, ಹೊರಟೇಬಿಟ್ಟರೆ ಒಳಗೆ ಸಿಕ್ಕಿದ ಗಾಳಿ ಎಂಜಿನ್ನಿನ ಎತ್ತರದ ಜಾಗದಲ್ಲಿ ಗುಳ್ಳೆಯಾಗಿ ನಿಂತು, ಅಲ್ಲಿ ಲೋಹ ಕಾದು ಕೆಂಡವಾಗುತ್ತದೆ.

ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಒಳ್ಳೆಯದು. ಡ್ರೈನ್ ತಿರುಪು ಮುಚ್ಚಿದೆಯೇ ನೋಡಿ, ಬ್ಯಾಟರಿ ವೈರ್ ಹಾಕಿ. ಕೂಲಂಟನ್ನು ನಿಧಾನವಾಗಿ ಸುರಿಯುತ್ತಾ ಮೇಲಿನ ಹೋಸನ್ನು ಕೈಯಿಂದ ಹಿಸುಕಿ ಬಿಡುತ್ತಿರಿ, ಗುಳ್ಳೆಗಳು ಬುಳುಬುಳು ಏಳುತ್ತವೆ. ಏಳುವುದು ನಿಂತ ಮೇಲೆ ಕ್ಯಾಪ್ ತೆಗೆದೇ ಎಂಜಿನ್ ಸ್ಟಾರ್ಟ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಅದರ ಪೈಪುಗಳಲ್ಲಿನ ಗಾಳಿಯೂ ಬರಬೇಕು. ಗಾಳಿ ಬಿಡುವ ಸ್ಕ್ರೂ ಇರುವ ಗಾಡಿಯಾದರೆ ಕೈಪಿಡಿಯ ಕ್ರಮ ಅನುಸರಿಸಿ. ರೇಡಿಯೇಟರಿನ ಮೇಲೆ ಕ್ಯಾಪೇ ಇಲ್ಲದೆ ಒತ್ತಡದ ಬಾಟಲಿ ಇರುವ ಗಾಡಿಗಳಲ್ಲಿ ತುಂಬುವುದು ಅಲ್ಲಿಂದಲೇ.

ಡೀಸೆಲ್ ಎಂಜಿನ್ ನಿಂತಲ್ಲೇ ಕಾಯಲು ಹೊತ್ತು ಹಿಡಿಯುತ್ತದೆ, ಕಾಲು ಗಂಟೆ ಇಪ್ಪತ್ತು ನಿಮಿಷವಾದರೂ ಬೇಕು. ಸುಮಾರು 82 ರಿಂದ 88 ಡಿಗ್ರಿಯ ಹತ್ತಿರ ಥರ್ಮೋಸ್ಟಾಟ್ ತೆರೆದುಕೊಂಡಾಗ, ಅಲ್ಲಿಯವರೆಗೆ ಉಗುರುಬೆಚ್ಚಗಿದ್ದ ಮೇಲಿನ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗುತ್ತದೆ, ಕೂಲಂಟಿನ ಮಟ್ಟ ಇಳಿಯುತ್ತದೆ. ನೀವು ಕಾಯಬೇಕಾದದ್ದು ಇದಕ್ಕೇ. ಮುಖ ಮೇಲೆ ತರದೆ, ಪಕ್ಕದಿಂದ ಮೆಲ್ಲನೆ ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಬಾಟಲಿಯಲ್ಲಿ ಕನಿಷ್ಠ, ಗರಿಷ್ಠ ಗೆರೆಗಳ ನಡುವೆ ಇರಲಿ. ಥರ್ಮೋಸ್ಟಾಟ್ ಕಿತ್ತು ಎಸೆದರೆ ಗಾಡಿ ತಂಪಾಗಿರುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಎಂಜಿನ್ ಬೇಕಾದ ಬಿಸಿಗೆ ಬರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಲೋಡಿಲ್ಲದೆ ಐದಾರು ಕಿಲೋಮೀಟರ್ ಓಡಿಸಿ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟಿರಿ. ವಾಪಸ್ ಬಂದು ಟಾರ್ಚ್ ಬಿಟ್ಟು ಎರಡೂ ತುದಿ ನೋಡಿ, ಕೆಳಗೆ ಹಳೆಯ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಬೇಕಾದಷ್ಟು ತುಂಬಿ, ಸ್ಕ್ರೂ ಕ್ಲಿಪ್ ಸಡಿಲಾಗಿದೆಯೇ ಪರೀಕ್ಷಿಸಿ, ಬೇಕಿದ್ದರೆ ಕಾಲು ಸುತ್ತು ಬಿಗಿಯಿರಿ. ಮೊದಲ ಲೋಡ್ ಮುಗಿಸಿ ಬಂದ ಮೇಲೆ ಇನ್ನೊಮ್ಮೆ. ಹೊಸ ಹೋಸ್ ಹಾಕಿಯೂ ಕೂಲಂಟ್ ದಿನದಿನಕ್ಕೆ ಇಳಿಯುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಹೊಗೆ ಬೆಳ್ಳಗಾಗಿ ಸಿಹಿ ವಾಸನೆ ಬರುತ್ತಿದ್ದರೆ ಗಾಡಿ ನೇರ ಗ್ಯಾರೇಜಿಗೆ ಹೋಗಲಿ. ಅದು ಹೆಡ್ ಗ್ಯಾಸ್ಕೆಟ್ಟಿನ ಲಕ್ಷಣ.

ದಾರಿಯಲ್ಲೇ ಒಡೆದರೆ

ಹಬೆ ಎದ್ದರೆ, ಸಿಹಿಯಾದ ಕಮಟು ವಾಸನೆ ಬಂದರೆ, ಮುಳ್ಳು ಕೆಂಪಿಗೆ ಹೋದರೆ ಸುರಕ್ಷಿತ ಜಾಗ ನೋಡಿ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಕೆಂಪಿಗೆ ಏರಿದ್ದ ಮುಳ್ಳು ತಾನಾಗಿ ಕೆಳಗಿಳಿದರೆ ಗಾಡಿ ತಣ್ಣಗಾಯಿತು ಎಂದು ಸಮಾಧಾನಪಡಬೇಡಿ. ಕೂಲಂಟ್ ಎಲ್ಲ ಹೋಗಿ ಸೆನ್ಸರ್ ಬರಿಗಾಳಿಯಲ್ಲಿದ್ದರೂ ಮುಳ್ಳು ಇಳಿಯುತ್ತದೆ, ಎಂಜಿನ್ ಆಗ ಇನ್ನೂ ಹೆಚ್ಚು ಕಾದಿರುತ್ತದೆ. ಕ್ಯಾಪ್ ಮುಟ್ಟದೆ ಬಾನೆಟ್ ಎತ್ತಿ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಪೂರ್ತಿ ತಣಿದ ಮೇಲೆ ನೋಡಿ. ತುದಿಯ ಬಳಿ ಸೀಳಿದ್ದು ಉದ್ದ ಉಳಿದಿದ್ದರೆ ಆ ಭಾಗ ಕತ್ತರಿಸಿ ಮತ್ತೆ ಕೂರಿಸಬಹುದು. ನಡುವೆ ಸೀಳಿದ್ದರೆ ಒರೆಸಿ ಒಣಗಿಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಒಂದರ ಮೇಲೊಂದು ಸುತ್ತಿ ಬಿಗಿಯಿರಿ. ಇದ್ದ ನೀರನ್ನು ತುಂಬಿ, ಕ್ಯಾಪನ್ನು ಮೊದಲ ಹಿಡಿತಕ್ಕೆ ಮಾತ್ರ ತಿರುಗಿಸಿದರೆ ಒತ್ತಡ ಏರುವುದಿಲ್ಲ, ಪಟ್ಟಿ ತಡೆಯುತ್ತದೆ. ಆದರೆ ಒತ್ತಡವಿಲ್ಲದ ನೀರು ಬೇಗ ಕುದಿಯುತ್ತದೆ, ಹಾಗಾಗಿ ಹೀಟರ್ ಹಾಕಿಕೊಂಡು, ನಿಧಾನವಾಗಿ, ಹತ್ತಿರದ ಗ್ಯಾರೇಜಿನವರೆಗೆ ಮಾತ್ರ ಹೋಗಿ. ಲೋಡನ್ನು ಇನ್ನೊಂದು ಗಾಡಿಗೆ ವರ್ಗಾಯಿಸಲು ಸಾಧ್ಯವಾದರೆ ಹಾಗೇ ಮಾಡಿ. ಸೀಟಿನ ಹಿಂದೆ ಒಂದು ಮೇಲಿನ ಹೋಸ್, ಎರಡು ಕ್ಲಿಪ್, ಸ್ಕ್ರೂ ಡ್ರೈವರ್, ಐದು ಲೀಟರ್ ನೀರಿನ ಕ್ಯಾನ್ ಇಟ್ಟುಕೊಂಡವರಿಗೆ ಈ ಪಟ್ಟಿ ಸುತ್ತುವ ಪಾಡಿರುವುದಿಲ್ಲ.

ದಾರಿಯಲ್ಲಿ ಕೆರೆಯದೋ ಬೋರಿನದೋ ನೀರು ತುಂಬಿದ್ದರೆ, ಹೊಸ ಹೋಸ್ ಹಾಕುವಾಗ ಅದನ್ನು ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರಿನಿಂದ ಒಮ್ಮೆ ತೊಳೆದು, ಆಮೇಲೆ ಕೂಲಂಟ್ ತುಂಬಿ.